ಟೇಲರಮ್ಮನ ಎರಡೂವರೆ ನಿಮಿಷ

ಇಪ್ಪತ್ತಮೂರನೆಯ ಗುಂಡಿ ಹೊಲಿದು, ದಾರವನ್ನು ಎಂದಿನಂತೆ ಎಡಗಡೆಯ ಕೋರೆಹಲ್ಲಿಗೆ ಸಿಕ್ಕಿಸಿ ಕಚ್ಚಿದಾಗಲೇ ಟೇಲರಮ್ಮನಿಗೆ ಅಲ್ಲಿ ಹಲ್ಲಿಲ್ಲ ಎಂಬುದು ನೆನಪಾದದ್ದು. ಒಸಡು ಚುರ್ರೆಂದಿತು. ಅವಳು ಮುಖ ಕಿವುಚಿಕೊಂಡು ಕತ್ತರಿ ಹುಡುಕತೊಡಗಿದಳು.

ಹಲ್ಲು ಹೋದದ್ದು ನಿನ್ನೆ. ಹಲ್ಲಷ್ಟೇ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಲ್ಲಿನ ಜೊತೆಗೆ ಅವಳೂ ಎರಡೂವರೆ ನಿಮಿಷ ಹೋಗಿದ್ದಳು.

ರಕ್ತದೊತ್ತಡ ಸ್ವಲ್ಪ ಜಾಸ್ತಿಯಿದೆಯೆಂದು ಹಲ್ಲಿನ ಡಾಕ್ಟರು ಅವಳ ಬೆರಳಿಗೆ ನಾಡಿ ತೋರಿಸುವ ಯಂತ್ರದ ಒಂದು ಕ್ಲಿಪ್ಪು ಸಿಕ್ಕಿಸಿ, ಭಯ ಹೋಗಲೆಂದು ಒಂದು ಇಂಜೆಕ್ಷನ್ ಕೊಟ್ಟಿದ್ದರು. ಹಲ್ಲು ಇಕ್ಕಳಕ್ಕೆ ಬಂದ ಹೊತ್ತಿಗೆ ಯಂತ್ರದ ಪರದೆಯ ಮೇಲೆ ಏರಿಳಿಯುತ್ತಿದ್ದ ಗೆರೆ ಇಸ್ತ್ರಿ ಹೊಡೆದ ಹಾಗೆ ಸಪಾಟಾಯಿತು. ಡಾಕ್ಟರಿನ್ನೂ ಹೊಸಬರು. ಇಕ್ಕಳ ಬಿಸಾಡಿ, ಹಿಟ್ಟು ನಾದುವವರಂತೆ ಅವಳ ಎದೆಯ ಮೇಲೆ ಬಿದ್ದರು. ಟೇಲರಮ್ಮ "ಯಾರ್ರೀ ಅದು!" ಎಂದು ಕಣ್ಣು ಬಿಟ್ಟಳು. ಡಾಕ್ಟರು ಅತ್ತೇಬಿಟ್ಟರು. ಕಣ್ಣೊರೆಸಿಕೊಂಡು ಹೊರಗೆ ಕೂತಿದ್ದವರ ಮುಂದೆ ಹೋಗಿ, "ಎರಡೂವರೆ ನಿಮಿಷ! ಪೂರ್ತಿ ಹೋಗಿಬಿಟ್ಟಿದ್ರು! ನಾನೇ ವಾಪಸ್ ಕರ್ಕೊಂಡು ಬಂದೆ!" ಎಂದು ಸಾರಿದರು. ಬೆಳಗಾಗುವಷ್ಟರಲ್ಲಿ ಅವಳ ಮನೆಯಿದ್ದ ಮೂರಂತಸ್ತಿನ ಕಟ್ಟಡದಲ್ಲಿ ಸುದ್ದಿ ಗೊತ್ತಿಲ್ಲದವರೆಂದರೆ ತೊಟ್ಟಿಲಲ್ಲಿದ್ದ ಮಕ್ಕಳು ಮಾತ್ರ.

"ಏನೇ, ನನ್ನ ಕನ್ನಡಕ ಎಲ್ಲಿಟ್ಟೆ?" ಒಳಗಿನಿಂದ ಗಂಡ ಕೂಗಿದ. ಹೆಂಡತಿ ಸತ್ತು ಬಂದದ್ದಕ್ಕೆಂದೇ ಅವನು ಇವತ್ತು ರಜೆ ಹಾಕಿದ್ದ. ಬೆಳಗಿನಿಂದ ಇದು ಹದಿನಾಲ್ಕನೆಯ ಕೂಗು.

"ತಲೆ ಮೇಲಿದೆ ನೋಡ್ರೀ."

ಮೊದಲು ಬಂದವರು ಪ್ರಾರ್ಥನಾ ಕೂಟದ ಹಿರಿಯರು. ಕೈಯಲ್ಲಿ ನೋಟುಪುಸ್ತಕ.

"ನಿಧಾನವಾಗಿ ಜ್ಞಾಪಿಸಿಕೊಳ್ಳಮ್ಮ. ಒಂದು ಸುರಂಗ ಕಂಡಿತಲ್ವಾ?"

"ಇಲ್ಲ ಸ್ವಾಮಿ. ಏನೂ ಕಾಣಲಿಲ್ಲ."

"ಬೆಳಕು?"

"ಡಾಕ್ಟರು ಬಾಯೊಳಗೆ ಟಾರ್ಚು ಬಿಟ್ಟಿದ್ರು."

"ಬೆಳಕು!" ಹಿರಿಯರು ಬರೆದುಕೊಂಡು ಅಡಿಗೆರೆ ಎಳೆದರು. "ಸಂಜೆ ಆರು ಗಂಟೆಗೆ ಕೂಟದಲ್ಲಿ ನೀವು ಸಾಕ್ಷಿ ಹೇಳ್ಬೇಕು. ಮೂವತ್ತು ಜನಕ್ಕೆ ಹೇಳಿ ಆಗಿದೆ."

ಅವರ ಬೆನ್ನಿಗೇ ನಿವೃತ್ತ ವಿಜ್ಞಾನದ ಮೇಷ್ಟ್ರು ಬಂದರು. ಹಿರಿಯರು ಎಲ್ಲಿ ಹೋದರೂ ಅವರನ್ನು ಅಲ್ಲಗಳೆಯಲು ಮೇಷ್ಟ್ರು ಹೋಗುವುದು ಆ ಕಟ್ಟಡದಲ್ಲಿ ಹತ್ತು ವರ್ಷದಿಂದ ನಡೆದುಬಂದ ಏರ್ಪಾಡು.

"ಸುರಂಗ, ಬೆಳಕು, ಇವೆಲ್ಲ ಮೆದುಳಿಗೆ ಆಮ್ಲಜನಕ ಸಾಲದೆ ಆಗೋ ಭ್ರಮೆ ಕಣಮ್ಮ," ಎಂದು ಸ್ಟೂಲು ಎಳೆದು ಕೂತರು.

"ನನಗೆ ಸುರಂಗಾನೇ ಕಾಣಲಿಲ್ಲ ಮೇಷ್ಟ್ರೇ."

ಮೇಷ್ಟ್ರ ಮುಖ ಗಾಳಿ ಬಿಟ್ಟ ಟಯರಿನಂತಾಯಿತು. "ಏನೂ ಕಾಣಲಿಲ್ವಾ? ಒಂಚೂರೂ? ಏನಾದ್ರೂ ಕಂಡಿದ್ರೆ ತಾನೇ ನಾನು ಅದನ್ನ ವಿವರಿಸೋಕೆ ಆಗೋದು?"

ನಿಜವೆಂದರೆ ಏನೂ ಕಂಡಿರಲಿಲ್ಲ. ಕತ್ತಲೆಯೆಂದೂ ಹೇಳುವಂತಿರಲಿಲ್ಲ, ಕತ್ತಲೆಯೆನ್ನುವುದಕ್ಕೆ ನೋಡುವವರೊಬ್ಬರು ಬೇಕು. ಮಿಷನ್ನಿನ ಸದ್ದಿಲ್ಲ, ಕುಕ್ಕರಿನ ಕೂಗಿಲ್ಲ, ಅಳತೆ ತಪ್ಪಿತೆಂದು ಜಗಳಕ್ಕೆ ಬಂದವರಿಲ್ಲ. ಎಷ್ಟು ಚೆನ್ನಾಗಿತ್ತೆಂದರೆ, ನಿನ್ನೆಯಿಂದ ಅದನ್ನು ನೆನೆದಾಗಲೆಲ್ಲ ಅವಳಿಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು. ಗಂಡ, ಮನೆ, ಗಿರಾಕಿಗಳನ್ನೆಲ್ಲ ಇಟ್ಟುಕೊಂಡ ಹೆಂಗಸು ಸಾವನ್ನು ಹೀಗೆ ಮೆಚ್ಚಿಕೊಳ್ಳಬಹುದೇ? ಅದಕ್ಕೇ ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಮೇಲ್ಮನೆ ಅಜ್ಜಿಯ ಸೊಸೆ ಓಡಿಬಂದಳು.

"ಅಕ್ಕಾ, ಒಂದು ಉಪಕಾರ ಮಾಡಿ. ನಾಳೆ ಬೆಳಿಗ್ಗೆ ಅತ್ತೆಗೆ ಹಾರ್ಟ್ ಆಪರೇಷನ್. ಐದು ಗಂಟೆ ಒಳಗೆ ಅವರ ಸಹಿ ಹಾಕಿಸಿ ಆಸ್ಪತ್ರೆಗೆ ಫಾರಂ ಮುಟ್ಟಿಸ್ಬೇಕು. ತಪ್ಪಿದ್ರೆ ಇನ್ನು ಮೂರು ತಿಂಗಳು ಬಿಟ್ಟು. ಅಷ್ಟು ದಿನ ತಡ್ಕೊಳ್ಳೋ ಹಾಗಿಲ್ಲ ಅಂತ ಡಾಕ್ಟರು ಹೇಳಿದ್ದಾರೆ."

"ಸಹಿ ಹಾಕಲ್ಲ ಅಂತಾರಾ?"

"ಹಾಕ್ತೀನಿ ಅಂತಾರೆ. ಆದ್ರೆ ಪೆನ್ನು ಹಿಡ್ಕೊಂಡು ಕಿಟಕಿ ನೋಡ್ತಾ ಕೂತಿದ್ದಾರೆ. ಭಯ ಅಕ್ಕಾ. ಹೋಗಿಬಂದವರು ನೀವು. ನಾಲ್ಕು ಧೈರ್ಯದ ಮಾತು ಹೇಳಿ."

ಟೇಲರಮ್ಮ ಅಳತೆ ಟೇಪು ಕೊರಳಲ್ಲೇ ಇಟ್ಟುಕೊಂಡು ಮೆಟ್ಟಿಲು ಹತ್ತಿದಳು. ಹಿಂದೆ ಹಿರಿಯರು, ಅವರ ಹಿಂದೆ ಮೇಷ್ಟ್ರು.

ಅಜ್ಜಿ ಮಂಚದ ಮೇಲೆ ಗುಬ್ಬಚ್ಚಿಯಂತೆ ಕೂತಿದ್ದಳು. ತೊಡೆಯ ಮೇಲೆ ಫಾರಂ. "ಬಾ ತಾಯಿ," ಎಂದು ಟೇಲರಮ್ಮನ ಕೈ ಹಿಡಿದುಕೊಂಡಳು. "ಹೇಳು. ಅಲ್ಲಿ ಏನಿದೆ?"

ಏನೂ ಇಲ್ಲ ಎಂದು ಸಾಯಲು ಹೆದರಿದವಳಿಗೆ ಹೇಳುವುದು ಹೇಗೆ? ಟೇಲರಮ್ಮ ದಿಕ್ಕುಗಾಣದೆ ಗೋಡೆ ನೋಡಿದಳು. ಅಲ್ಲಿ ಅಜ್ಜಿಯ ಗಂಡನ ಫೋಟೋ ಇತ್ತು. ಗಡಿಯಾರ ರಿಪೇರಿ ಮಾಡುತ್ತಿದ್ದವರಂತೆ, ಹೋಗಿ ಹನ್ನೊಂದು ವರ್ಷವಾಗಿತ್ತು. ಟೇಲರಮ್ಮನೂ ಸೊಸೆಯೂ ಆ ಕಟ್ಟಡಕ್ಕೆ ಬಂದದ್ದು ಆಮೇಲೆ. ಬಟ್ಟೆಯ ತುಂಡು ಸಿಕ್ಕರೆ ಅದಕ್ಕೆ ತಕ್ಕ ಅಂಗಿ ಹೊಲಿಯುವುದು ಅವಳ ಕಸುಬು. ಫೋಟೋ ನೋಡಿಕೊಂಡೇ ಹೊಲಿದಳು.

"ತೋಟದ ಹಾಗಿದೆ ಅಜ್ಜಿ. ತಂಪು ಬೆಳಕು. ಗೇಟಿನ ಹತ್ರ ಒಬ್ಬರು ನಿಂತಿದ್ರು. ಬೂದು ಕೋಟು, ಗುಂಡನೆಯ ಕನ್ನಡಕ. ಇವರೇ! ನಿಮಗೋಸ್ಕರ ಕಾಯ್ತಿದ್ದಾರೆ ಅಜ್ಜಿ. ಕೈಯಲ್ಲಿರೋ ಗಡಿಯಾರ ನೋಡ್ಕೊಂಡು, ನೋಡ್ಕೊಂಡು ನಿಂತಿದ್ರು."

ಸೊಸೆ ಕಣ್ಣೊರೆಸಿಕೊಂಡಳು. ಹಿರಿಯರು ಸರಸರ ಬರೆದುಕೊಂಡರು.

ಅಜ್ಜಿಯ ಮುಖ ಸುಣ್ಣದಂತಾಯಿತು.

"ಗಡಿಯಾರ ನೋಡ್ತಿದ್ರಾ?"

"ಹೂಂ ಅಜ್ಜಿ."

"ಹುಬ್ಬು ಗಂಟು ಹಾಕಿದ್ರಾ?"

ಟೇಲರಮ್ಮ ಫೋಟೋ ನೋಡಿದಳು. "ಸ್ವಲ್ಪ."

ಅಜ್ಜಿ ಪೆನ್ನಿಗೆ ಮುಚ್ಚಳ ಹಾಕಿ, ಫಾರಮ್ಮನ್ನು ಸೊಸೆಯ ಕೈಗಿಟ್ಟಳು. "ಆಪರೇಷನ್ ಬೇಡ."

"ಅತ್ತೇ!"

"ನಿನಗೆ ಗೊತ್ತಿಲ್ಲ ಮಗಳೇ. ಆರು ಹತ್ತಕ್ಕೆ ಟೀ. ಆರು ಹನ್ನೊಂದಾದ್ರೆ ಗಡಿಯಾರ ಹಿಡ್ಕೊಂಡು ಅಡುಗೆಮನೆ ಬಾಗಿಲಲ್ಲಿ ನಿಲ್ಲೋರು. ಬೈತಿರಲಿಲ್ಲ. ನಿಲ್ಲೋರು ಅಷ್ಟೇ. ನಲವತ್ತೆರಡು ವರ್ಷ ನಿಂತರು. ಒಂದು ನಿಮಿಷಕ್ಕೆ ಮೂರು ದಿನ ಮಾತು ಬಿಡ್ತಿದ್ದ ಮನುಷ್ಯ ಅವರು. ಈಗ ನಾನು ಹನ್ನೊಂದು ವರ್ಷ ಲೇಟು! ಆ ಟೇಬಲ್ ಮೇಲೆ ಹೆಚ್ಚುಕಮ್ಮಿ ಆದ್ರೆ ನೇರ ಅವರ ಕೈಗೇ ಸಿಕ್ಕಿಬೀಳ್ತೀನಿ. ಇಲ್ಲೇ ಎಷ್ಟು ದಿನ ಆಗುತ್ತೋ ಅಷ್ಟು ದಿನ ಇರ್ತೀನಿ."

ಸೊಸೆ ಟೇಲರಮ್ಮನ ಕಡೆ ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು.

ಹಿರಿಯರು ಮುಂದೆ ಬಂದರು. "ಸತ್ತ ಮೇಲೆ ಸತಿಪತಿಗಳು ಮತ್ತೆ ಕೂಡೋದು ಖಂಡಿತ ತಾಯಿ. ಎಲ್ಲ ಗ್ರಂಥಗಳಲ್ಲೂ ಇದೆ. ಅನಂತಕಾಲ ಜೊತೆಗಿರ್ತೀರಿ."

"ಅನಂತಕಾಲವಾ?" ಅಜ್ಜಿ ಕಂಬಳಿ ಎಳೆದುಕೊಂಡಳು.

"ಅಜ್ಜಿ, ಇವರ ಮಾತು ಕೇಳ್ಬೇಡಿ," ಎಂದರು ಮೇಷ್ಟ್ರು. "ಸತ್ತ ಮೇಲೆ ಏನೂ ಇಲ್ಲ. ದೀಪ ಆರಿದ ಹಾಗೆ."

"ನೀವು ಯಾವಾಗ ಸತ್ತಿದ್ರಿ ಮೇಷ್ಟ್ರೇ?"

"ನಾನೆಲ್ಲಿ ಸತ್ತೆ?"

"ಮತ್ತೆ? ಸತ್ತವಳು ಇಲ್ಲೇ ಕೂತಿದ್ದಾಳಲ್ಲ."

ಮೂರೂವರೆ ದಾಟಿತ್ತು. ಟೇಲರಮ್ಮ ತಾನು ಹೊಲಿದ ಸುಳ್ಳಿನ ಬಿಗಿ ಅಂಗಿಯನ್ನು ಸಡಿಲ ಮಾಡಲು ನೋಡಿದಳು. "ಅಜ್ಜಿ, ನಾನು ದೂರದಿಂದ ನೋಡಿದ್ದು. ಬೇರೆ ಯಾರೋ ಇರ್ಬೇಕು."

"ಸಾಕ್ಷ್ಯ ತಿರುಚಬಾರದಮ್ಮ," ಹಿರಿಯರು ಪುಟ ತಿರುಗಿಸಿ ಓದಿದರು. "ಬೂದು ಕೋಟು. ಗುಂಡನೆಯ ಕನ್ನಡಕ. 'ಇವರೇ' ಅಂದಿದ್ದೀರಿ."

"ಹೂಂ, ಇವರೇ... ಆದ್ರೆ ಅಜ್ಜಿ, ಅವರು ಅಲ್ಲಿ ಇನ್ನೊಂದು ಮದುವೆ ಮಾಡ್ಕೊಂಡ ಹಾಗಿತ್ತು. ಪಕ್ಕದಲ್ಲಿ ಒಬ್ಬಳು ಟೀ ಲೋಟ ಹಿಡ್ಕೊಂಡು ನಿಂತಿದ್ಳು."

ಅಜ್ಜಿಯ ಕಣ್ಣು ಮಿಂಚಿತು. "ಅಯ್ಯೋ, ಯಾರ ಮನೆ ಹೆಣ್ಣೋ ಪಾಪ! ಹಾಗಾದ್ರೆ ನನ್ನ ಕರೆಯಲ್ಲ ಅಂತೀಯಾ?" ಕೈ ಪೆನ್ನಿನತ್ತ ಹೋಯಿತು.

"ಸಾಧ್ಯವೇ ಇಲ್ಲ," ಎಂದರು ಹಿರಿಯರು. "ಅಲ್ಲಿ ಹೊಸ ಮದುವೆಗಳಿಲ್ಲ. ಈ ವಿಷಯ ಬಹಳ ಸ್ಪಷ್ಟವಾಗಿದೆ."

ಕೈ ಹಿಂದಕ್ಕೆ ಬಂತು.

"ನೀವು ಬಾಯಿ ಮುಚ್ತೀರಾ ಸ್ವಲ್ಪ!" ಮೇಷ್ಟ್ರು ಗದರಿದರು. "ನಾನು ಐವತ್ತು ಪುರಾವೆ ಕೊಡ್ತೀನಿ!" ಎಂದು ಹಿರಿಯರು ದನಿ ಏರಿಸಿದರು. ನೋಟುಪುಸ್ತಕವನ್ನು ಒಬ್ಬರು ಎಳೆದರು, ಇನ್ನೊಬ್ಬರು ಬಿಡಲಿಲ್ಲ. ಪರಲೋಕ ಇದೆಯೋ ಇಲ್ಲವೋ ಎಂಬುದರ ನಡುವೆ ಇಹಲೋಕದ ಒಬ್ಬ ಮುದುಕಿ ಕಂಬಳಿ ಹೊದ್ದು ನಡುಗುತ್ತಿರುವುದು ಇಬ್ಬರಿಗೂ ಮರೆತೇಹೋಗಿತ್ತು.

"ಎಲ್ಲರೂ ಹೊರಗೆ ನಡೀರಿ!" ಎಂದಳು ಟೇಲರಮ್ಮ. ಅಷ್ಟು ಗಟ್ಟಿಯಾದ ದನಿ ತನ್ನದೇ ಎಂದು ಅವಳಿಗೂ ಗೊತ್ತಿರಲಿಲ್ಲ. ಇಬ್ಬರೂ ಹೊರಟರು. ಸೊಸೆಯೂ ಹೋದಳು. ಟೇಲರಮ್ಮ ಬಾಗಿಲು ಹಾಕಿ ಬಂದು ಮಂಚದ ಅಂಚಿಗೆ ಕೂತಳು.

"ಅಜ್ಜಿ, ನಾನು ಹೇಳಿದ್ದೆಲ್ಲ ಸುಳ್ಳು. ತೋಟ ಇಲ್ಲ, ಗೇಟಿಲ್ಲ. ನಿಮ್ಮ ಯಜಮಾನರನ್ನ ನಾನು ಈ ಫೋಟೋದಲ್ಲಿ ಬಿಟ್ಟು ಎಲ್ಲೂ ನೋಡಿಲ್ಲ."

ಅಜ್ಜಿ ಅನುಮಾನದಿಂದ ನೋಡಿದಳು. "ಮತ್ತೆ ಏನಿತ್ತು?"

"ಏನೂ ಇರಲಿಲ್ಲ. ಸದ್ದೇ ಇರಲಿಲ್ಲ. ಮೈ ಭಾರ ಇರಲಿಲ್ಲ. ಒಲೆ ಮೇಲೆ ಏನಾದ್ರೂ ಇಟ್ಟಿದ್ದೀನಾ ಅನ್ನೋ ಯೋಚನೆ ಕೂಡ ಇರಲಿಲ್ಲ." ಟೇಲರಮ್ಮ ತಲೆ ತಗ್ಗಿಸಿದಳು. "ಯಾರೂ ಕರೀಲಿಲ್ಲ ಅಜ್ಜಿ. ಒಂದು ಸಲಾನೂ ಯಾರೂ ನನ್ನ ಕರೀಲಿಲ್ಲ. ಡಾಕ್ಟರು ಎದೆ ಗುದ್ದಿ ಎಬ್ಬಿಸಿದಾಗ ಸಿಟ್ಟೇ ಬಂತು ನನಗೆ."

ಅಜ್ಜಿ ಕಂಬಳಿ ಸರಿಸಿ ಮುಂದಕ್ಕೆ ಬಾಗಿದಳು.

"ಎಲ್ಲಿ ಹೋಗಿದ್ದೆ ಅಂತ ಯಾರೂ ಕೇಳಲಿಲ್ವಾ?"

"ಇಲ್ಲ."

"ಆಣೆ ಮಾಡಿ ಹೇಳು."

"ನಿಮ್ಮಾಣೆ ಅಜ್ಜಿ. ನನ್ನ ಅನುಭವ ಇದು."

ಅಜ್ಜಿ ಉಸಿರು ಬಿಟ್ಟಳು. ಆ ಉಸಿರು ಐವತ್ತು ವರ್ಷದಿಂದ ಒಳಗೇ ಇದ್ದಂತಿತ್ತು. ಫಾರಂ ತರಿಸಿ ಮೂರು ಕಡೆ ಸಹಿ ಹಾಕಿದಳು. ಬೇಡದ ಒಂದು ಕಡೆಯೂ ಹಾಕಿದಳು. "ಬದುಕಿದ್ರೆ ಮೊಮ್ಮಗಳ ಜೊತೆ ಇರ್ತೀನಿ. ಹೋದ್ರೆ ಆರಾಮು. ಇನ್ನೇನು ಹೆದರಿಕೆ!" ಎಂದು, ಹೊರಗೆ ಕಿವಿಗೊಟ್ಟು ನಿಂತಿದ್ದವರಿಗೆ ಕೇಳುವಂತೆ, "ಏನೂ ಇಲ್ವಂತೆ! ಯಾರೂ ಕರೆಯಲ್ವಂತೆ!" ಎಂದು ಕೂಗಿದಳು.

"ನಾನು ಹೇಳಿದ್ದೂ ಅದನ್ನೇ ಅಲ್ವೇನಜ್ಜಿ!" ಮೇಷ್ಟ್ರು ಬಾಗಿಲಾಚೆಯಿಂದ ನೊಂದುಕೊಂಡರು.

"ನೀವು ಓದಿ ಹೇಳಿದ್ದು. ಅವಳು ಹೋಗಿ ಬಂದು ಹೇಳಿದ್ದು."

ಟೇಲರಮ್ಮ ಕೆಳಗಿಳಿದು ಬರುವಾಗ ಅವಳ ಬಾಗಿಲ ಮುಂದೆ ಆಗಲೇ ಹಿರಿಯರ ಹೆಂಡತಿ ನಿಂತಿದ್ದಳು. ನಲವತ್ತು ವರ್ಷದಿಂದ ಪ್ರತಿ ಕೂಟದಲ್ಲೂ ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿದ ಹೆಂಗಸು. ಅತ್ತಿತ್ತ ನೋಡಿ ಪಿಸುಗುಟ್ಟಿದಳು. "ಅಜ್ಜಿ ಹೇಳ್ತಿರೋದು ನಿಜವೇನ್ರೀ? ನಿಜವಾಗ್ಲೂ ಯಾರೂ ಕರೆಯಲ್ವಾ?"

"ಆಮೇಲೆ ಮಾತಾಡೋಣ ಅಕ್ಕಾ."

"ಏನೇ, ಯಾರೋ ಬಂದಿದ್ದಾರೆ ನೋಡೇ!" ಗಂಡ ಕೂಗಿದ.

ಒಳಗೆ, ನೇತುಹಾಕಿದ್ದ ಅಂಗಿಗಳ ನಡುವೆ, ಹಲ್ಲಿನ ಡಾಕ್ಟರು ಕೂತಿದ್ದರು. ಸ್ವತಃ ಹಲ್ಲು ಕೀಳಿಸಿಕೊಳ್ಳಲು ಬಂದವರ ಮುಖ. ಟೇಲರಮ್ಮ ಹತ್ತಿರ ಬಂದೊಡನೆ ದನಿ ತಗ್ಗಿಸಿದರು.

"ಅಮ್ಮಾ, ಇದು ನಮ್ಮಿಬ್ಬರಲ್ಲೇ ಇರ್ಲಿ. ಇವತ್ತು ಬೆಳಿಗ್ಗೆ ಇನ್ನೊಬ್ಬರು ಹಲ್ಲು ತೋರಿಸೋಕೆ ಬಂದಿದ್ರು. ಅದೇ ಕ್ಲಿಪ್ಪು ಹಾಕಿದೆ. ಅವರು ನೆಟ್ಟಗೆ ಕೂತು ಪಕ್ಕದ ಮನೆಯವರನ್ನ ಬೈತಾ ಇದ್ರು. ಯಂತ್ರ ಮಾತ್ರ ಅವರು ಸತ್ತು ನಾಲ್ಕು ನಿಮಿಷ ಆಗಿದೆ ಅಂತ ತೋರಿಸ್ತಾ ಇತ್ತು."

"ಅಂದ್ರೆ?"

"ಕ್ಲಿಪ್ಪಿನ ವೈರು ಕಿತ್ತುಹೋಗಿದೆ. ನಿಮಗೇನೂ ಆಗಿರಲಿಲ್ಲಮ್ಮ. ಇಂಜೆಕ್ಷನ್ನಿಗೆ ನಿದ್ದೆ ಹೋಗಿದ್ರಿ ಅಷ್ಟೇ." ಡಾಕ್ಟರು ತಲೆ ತಗ್ಗಿಸಿದರು. "ಸ್ವಲ್ಪ ಗೊರಕೆನೂ ಹೊಡೀತಿದ್ರಿ. ಗಾಬರೀಲಿ ನಾನು ಅದನ್ನ ಕೊನೆಯುಸಿರು ಅಂದ್ಕೊಂಡೆ."

ಟೇಲರಮ್ಮ ಮಿಷನ್ನಿನ ಮುಂದೆ ಮೆಲ್ಲಗೆ ಕೂತಳು. ನಿದ್ದೆ! ಮದುವೆಯಾದಂದಿನಿಂದ, ಇಪ್ಪತ್ತಾರು ವರ್ಷ, ಅವಳು ಹಗಲಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿದವಳಲ್ಲ. ರಾತ್ರಿ ಮುಚ್ಚಿದರೂ ಒಂದು ಕಿವಿ ತೆರೆದೇ ಇರುತ್ತಿತ್ತು. ನಿಜವಾದ ನಿದ್ದೆಯ ಗುರುತು ಸಿಗದೆ ಅದನ್ನು ಸಾವು ಎಂದುಕೊಂಡಿದ್ದಳು. ಹಾಗಾದರೆ ಸಾವು ಹೇಗಿರುತ್ತದೆ? ಸುರಂಗವೋ, ತೋಟವೋ, ಗಡಿಯಾರ ಹಿಡಿದು ನಿಂತವರೋ, ಅವಳಿಗೀಗ ಮೇಷ್ಟ್ರಿಗೆ ಗೊತ್ತಿದ್ದಷ್ಟೂ ಗೊತ್ತಿರಲಿಲ್ಲ. ಮತ್ತು ಅವಳು ಅಜ್ಜಿಯ ಆಣೆ ಇಟ್ಟಿದ್ದಳು.

ಕಿಟಕಿಯಾಚೆ ಅಜ್ಜಿಯ ಸೊಸೆ ಫಾರಮ್ಮನ್ನು ಚೀಲಕ್ಕೆ ತುರುಕಿ ಸ್ಕೂಟರ್ ಒದೆಯುತ್ತಿದ್ದಳು. ಅದು ಕೆಮ್ಮುತ್ತಿತ್ತು, ಹೊರಡುತ್ತಿರಲಿಲ್ಲ. ಕರೆದರೆ ಕೇಳುವಷ್ಟು ದೂರ. ಮೇಲುಗಡೆ ಅಜ್ಜಿ ಯಾವುದೋ ಹಳೆಯ ಹಾಡು ಗುನುಗುತ್ತ ಆಸ್ಪತ್ರೆಗೆ ಬಟ್ಟೆ ಮಡಿಸುತ್ತಿದ್ದಳು. ಆಕೆ ಹಾಡಿದ್ದನ್ನು ಕಟ್ಟಡದಲ್ಲಿ ಯಾರೂ ಈವರೆಗೆ ಕೇಳಿರಲಿಲ್ಲ.

ಟೇಲರಮ್ಮ ಎದ್ದು ಕಿಟಕಿಯ ಸರಳು ಹಿಡಿದಳು. ಸ್ಕೂಟರ್ ನಾಲ್ಕನೆಯ ಒದೆತಕ್ಕೆ ಹೊತ್ತಿಕೊಂಡು, ಹೊಗೆ ಬಿಟ್ಟು, ಗೇಟು ದಾಟಿತು. ಅವಳು ಬಾಯಿ ತೆರೆಯಲಿಲ್ಲ.

ಡಾಕ್ಟರು ಹಿಂಬಾಗಿಲಿನಿಂದ ಜಾರಿಕೊಂಡರು. ಮುಂಬಾಗಿಲಲ್ಲಿ ಈಗ ಹಿರಿಯರ ಹೆಂಡತಿಯ ಜೊತೆ ಇನ್ನೂ ಐದಾರು ಹೆಂಗಸರು ಸೇರಿದ್ದರು. ಯಾರ ಕೈಯಲ್ಲೂ ಹೊಲಿಸುವ ಬಟ್ಟೆಯಿರಲಿಲ್ಲ.

"ಡಾಕ್ಟರು ಏನಂದ್ರು?" ಹಿರಿಯರ ಹೆಂಡತಿ ಆತಂಕದಿಂದ ಕೇಳಿದಳು.

ತಾನು ಸತ್ತಿರಲಿಲ್ಲ ಎಂಬುದನ್ನು ತಾನು ಸಾಯುವವರೆಗೂ ಯಾರಿಗೂ ಹೇಳುವುದಿಲ್ಲವೆಂದು ಟೇಲರಮ್ಮ ಆಗಲೇ ತೀರ್ಮಾನಿಸಿಯಾಗಿತ್ತು.

"ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸು ಅಂದ್ರು," ಎಂದು ಅವಳು ಬಾಗಿಲಿನ ಇನ್ನೊಂದು ರೆಕ್ಕೆಯನ್ನೂ ತೆರೆದಳು. "ಒಳಗೆ ಬನ್ನಿ. ಒಬ್ಬೊಬ್ಬರೇ ಬನ್ನಿ."