ಧಾರೆ ಸೀರೆಗೆ ಪಲ್ಲೇಡಿಯಂ ಚಿಕಿತ್ಸೆ

ಪ್ರೋಟೀನಿನ ವಿಷಯದಲ್ಲಿ ನನಗೆ ಟೋಪಿ ಹಾಕಲು ಯಾರಿಂದಲೂ ಸಾಧ್ಯವಿಲ್ಲ ಎಂಬ ನಂಬಿಕೆ ನನಗೆ ಬಹಳ ಕಾಲ ಇತ್ತು. ಇರಬಾರದೇಕೆ? ಶಿವಮೊಗ್ಗದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಜೊತೆಗೆ ಡಾಕ್ಟರೇಟಿಗೆಂದು ಪ್ರೋಟೀನುಗಳ ಮೇಲೆಯೇ ಸಂಶೋಧನೆ ನಡೆಸುತ್ತಿದ್ದೆ. ವಿಷಯದ ಹೆಸರು ಕೇಳಿದರೇ ಜನ ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದರು: ‘ಲೋಹೀಯ ವೇಗವರ್ಧಕಗಳ ಮೂಲಕ ಪ್ರೋಟೀನುಗಳ ಆಯ್ದ ಮಾರ್ಪಾಡು’!

ಹೆಂಡತಿ ಗಿರಿಜೆಯ ತವರು ಭದ್ರಾವತಿ. ಮಾವ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕರಗಿಸಿ ನಿವೃತ್ತರಾದವರು. ನಾನು ‘ಲೋಹ’ ಎಂದೊಡನೆ ತಮ್ಮ ಪೈಕಿಯವನೇ ಎಂದು ಖುಷಿಪಟ್ಟರು. ‘ವೇಗವರ್ಧಕ’ ಎಂದೊಡನೆ ಒಳಗೆ ಹೋಗಿ ತಮ್ಮ ಮೊಪೆಡ್ಡಿನ ಕೀ ತಂದು ಕೈಯಲ್ಲಿಟ್ಟರು. ಅದು ಏರು ಹತ್ತುವಾಗ ದಮ್ಮು ಕಟ್ಟುತ್ತಿತ್ತಂತೆ. ಇದು ಗಾಡಿಗೆ ಹಾಕುವಂಥದ್ದಲ್ಲ ಎಂದು ನಾನು ಕೂರಿಸಿಕೊಂಡು ವಿವರಿಸಬೇಕಾಯಿತು. ಪ್ರೋಟೀನು ಎಂದರೆ ಬಗೆಬಗೆಯ ಮಣಿಗಳ ಸರ. ಅದರಲ್ಲಿ ಟೈರೋಸಿನ್ ಎಂಬ ಒಂದೇ ಜಾತಿಯ ಮಣಿಯನ್ನು ಹುಡುಕಿ, ಮಿಕ್ಕಿದ್ದನ್ನು ಮುಟ್ಟದೆ, ಅದಕ್ಕೆ ಮಾತ್ರ ಬಣ್ಣದ ಅಣುವೊಂದನ್ನು ಗಂಟು ಹಾಕಬೇಕು. ಗಂಟು ಹಾಕಿಸುವುದು ಪಲ್ಲೇಡಿಯಂ ಎಂಬ ಲೋಹ. ಅದರದ್ದು ಮದುವೆ ದಲ್ಲಾಳಿಯ ಕೆಲಸ. ಗಂಡು ಹೆಣ್ಣನ್ನು ಸೇರಿಸುತ್ತದೆ, ತಾನು ತಾಳಿ ಕಟ್ಟುವುದಿಲ್ಲ, ಮುಂದಿನ ಮನೆಗೆ ಹೋಗುತ್ತದೆ. ಮಾವ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ ಮೊಪೆಡ್ಡಿನ ಕೀಯನ್ನು ವಾಪಸು ತೆಗೆದುಕೊಂಡರು.

ಈ ಪಾಂಡಿತ್ಯ ನನ್ನ ಮದುವೆಗೆ ಜವಳಿ ತೆಗೆಯುವಾಗಲೇ ಒಮ್ಮೆ ಪ್ರಕಟವಾಗಿತ್ತು. ಧಾರೆ ಸೀರೆ ನಮ್ಮ ಕಡೆಯದು. ರಾಣಿ ಕಲರಿನ ಸೀರೆಯೊಂದು ಎಲ್ಲರಿಗೂ ಹಿಡಿಸಿತು. ಮಾವ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಒಂದು ಎಳೆ ಸುಟ್ಟು ನೋಡೋಣ, ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಎಂದರು. ನಾನು ಆಗಷ್ಟೇ ಎಂ.ಎಸ್ಸಿ. ಮುಗಿಸಿದವನು. ಅವರ ಕೈ ತಡೆದೆ.

“ಬೆಂಕಿ ಗಿಂಕಿ ಯಾಕೆ ಮಾವ? ರೇಷ್ಮೆ ಅಂದ್ರೆ ಪ್ರೋಟೀನು. ಪ್ರೋಟೀನು ಮುಟ್ಟಿದ್ರೆ ನಂಗೆ ಗೊತ್ತಾಗುತ್ತೆ.”

ಮುಟ್ಟಿದೆ. ಅಪ್ಪಟ ರೇಷ್ಮೆ ಎಂದು ಘೋಷಿಸಿದೆ. ಅಂಗಡಿಯವನು ನನಗೆ ಕೈ ಮುಗಿದ. ಅದು ಗೌರವ ಎಂದುಕೊಂಡಿದ್ದೆ.

ಗಿರಿಜೆ ಆ ಸೀರೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದಳು. ಬಿಳಿ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಳು. ತಂಗಿ ಒಮ್ಮೆ ಉಟ್ಟು ನೋಡುತ್ತೇನೆ ಎಂದು ಗೋಗರೆದರೂ ಕೊಟ್ಟಿರಲಿಲ್ಲ. ಈಗ ಆ ತಂಗಿಯ ಮದುವೆಯೇ ಗೊತ್ತಾಗಿ, ಗಿರಿಜೆಯೇ ಕಳಸಗಿತ್ತಿ ಎಂದು ತೀರ್ಮಾನವಾಯಿತು. ಮದುಮಗಳ ಹಿಂದೆ ಕಳಸ ಹಿಡಿದು ಅದೇ ಸೀರೆಯಲ್ಲಿ ನಿಲ್ಲಬೇಕು ಎಂಬುದು ಅವಳ ಬಹುದಿನದ ಆಸೆ. ಹೊರಗೆ ತೆಗೆದು ನೋಡಿದರೆ ಸೆರಗಿನ ಮಡಿಕೆಯಲ್ಲಿ ಉದ್ದಕ್ಕೂ ಬಣ್ಣ ಬಿಳಿಚಿಕೊಂಡಿತ್ತು. ಅವಳ ಮುಖವೂ ಬಿಳಿಚಿಕೊಂಡಿತು. ದುರ್ಗಿಗುಡಿಯಲ್ಲಿ ಬಣ್ಣ ಹಾಕಿಕೊಡುವವರಿದ್ದಾರಂತೆ, ಕೊಟ್ಟು ಬರೋಣ ಎಂದಳು.

ನಾನು ನಕ್ಕೆ. ಮನೆಯಲ್ಲೇ ಪ್ರೋಟೀನು ತಜ್ಞನಿರುವಾಗ ದುರ್ಗಿಗುಡಿಯೇ? ರೇಷ್ಮೆಯಲ್ಲಿ ಟೈರೋಸಿನ್ ಧಾರಾಳವಾಗಿದೆ. ನನ್ನ ಲ್ಯಾಬಿನ ಬಣ್ಣವೋ, ಸಾಕ್ಷಾತ್ ರಾಣಿ ಕಲರು. ಮೊಮ್ಮಕ್ಕಳ ಕಾಲಕ್ಕೂ ಹೋಗದ ಹಾಗೆ ಗಂಟು ಹಾಕಿಕೊಡುತ್ತೇನೆ ಎಂದೆ. ನನ್ನ ಸಂಶೋಧನೆಯ ಗೈಡು ಪಲ್ಲೇಡಿಯಂ ದ್ರಾವಣವನ್ನು ತೀರ್ಥದ ಹಾಗೆ ಉದ್ಧರಣೆ ಲೆಕ್ಕದಲ್ಲಿ ಕೊಡುವವರು. ಆದರೂ ಕಾಡಿ ಬೇಡಿ ಒಂದು ಸೀಸೆ ಪಡೆದು, ಅದಕ್ಕೆ ಬಣ್ಣ ಬೆರೆಸಿಕೊಂಡು, ಮದುವೆಗೆ ಎರಡು ದಿನ ಮುಂಚೆ ಹೆಂಡತಿ, ಸೀರೆ, ಸೀಸೆಗಳ ಸಮೇತ ಭದ್ರಾವತಿಯ ಬಸ್ಸು ಹತ್ತಿದೆ.

ಮಾವನ ಮನೆಯ ಹಿತ್ತಲಿನ ಒಗೆಯುವ ಕಲ್ಲೇ ನನ್ನ ಪ್ರಯೋಗಶಾಲೆ. ಲುಂಗಿ ಎತ್ತಿ ಕಟ್ಟಿದೆ. ಆಗ ನೆನಪಾಯಿತು, ಕೈಗವಸು ವಿನೋಬನಗರದ ನಮ್ಮ ಮನೆಯ ಟಿ.ವಿ. ಮೇಲೆಯೇ ಉಳಿದಿದೆ. ವಿಜ್ಞಾನಿಯಾದವನು ಎದೆಗುಂದಬಾರದು. ಅತ್ತೆ ತೊಳೆದಿಟ್ಟಿದ್ದ ಹಾಲಿನ ಪ್ಯಾಕೆಟ್ಟುಗಳ ತಳ ಕತ್ತರಿಸಿ ಎರಡೂ ಕೈಗೆ ಏರಿಸಿ, ರಬ್ಬರ್ ಬ್ಯಾಂಡು ಹಾಕಿದೆ. ಹಾಲಿನ ಪ್ಯಾಕೆಟ್ಟನ್ನು ಮೂಲೆಯಲ್ಲಿ ಕತ್ತರಿಸಿ ತೆರೆಯುತ್ತಾರೆ ಎಂಬುದು ಬಣ್ಣ ಒಳಗೆ ಇಳಿದ ಮೇಲೆಯೇ ನನ್ನ ಗಮನಕ್ಕೆ ಬಂತು. ಬೆರಳುಗಳೆಲ್ಲ ರಾಣಿ ಕಲರು! ಅಷ್ಟರಲ್ಲಿ ಮೂಗಿನ ಕೆಳಗೆ ತುರಿಸಿತು. ಸಂಶೋಧಕನೂ ಮನುಷ್ಯನೇ ಅಲ್ಲವೇ, ತುರಿಸಿಕೊಂಡೆ.

ಸೆರಗಿನ ಮೇಲೆ ಬಣ್ಣ ಸುರಿದು ಸ್ವಲ್ಪ ಹೊತ್ತು ಕಾದೆ. ಒದ್ದೆ ಸೆರಗು ಹೊಸದರಂತೆ ಹೊಳೆಯಿತು. ಗಿರಿಜೆಯ ಮುಖ ಅರಳಿತು. ನಾನು ಗಂಭೀರವಾಗಿ ನೀರಿನಲ್ಲಿ ಜಾಲಿಸಿದೆ. ಬಣ್ಣ ಪೂರ್ತಿ ನೀರಿನ ಜೊತೆ ಹೋಯಿತು. ಬಿಳಿಚು ಗೆರೆ ಹಾಗೆಯೇ ಇತ್ತು.

ಮತ್ತೆ ಸುರಿದೆ, ಮತ್ತೆ ಹೋಯಿತು. ತಣ್ಣೀರಿನ ದೋಷ ಎಂದು ಬಚ್ಚಲ ಹಂಡೆಯಿಂದ ಬೆಚ್ಚನೆಯ ನೀರು ತಂದೆ. ಆಗಲೂ ಹೋಯಿತು. ಭದ್ರಾವತಿಯ ನೀರಿನಲ್ಲಿ ಕಬ್ಬಿಣ ಜಾಸ್ತಿ, ಅದು ಪಲ್ಲೇಡಿಯಮ್ಮಿನ ಕೆಲಸ ಕೆಡಿಸುತ್ತಿದೆ ಎಂದು ಊರಿನ ಮೇಲೆ ಹಾಕಿದೆ. ಮಾವನಿಗೆ ಬೇಸರವಾದದ್ದು ಕಾಣಿಸಿತು. ಕೊನೆಗೆ ಸೀಸೆಯ ತಳದಲ್ಲಿದ್ದದ್ದನ್ನೂ ಸುರಿದು, ಸೀರೆಯನ್ನು ಎತ್ತಿ ಜೋರಾಗಿ ಕೊಡವಿದೆ.

ಪಕ್ಕದ ಹಗ್ಗದಲ್ಲಿ ಮಾವನ ಬಿಳಿ ರೇಷ್ಮೆ ಶಲ್ಯ ಗಾಳಿಗೆ ಆಡುತ್ತಿತ್ತು. ಮಗಳನ್ನು ಧಾರೆ ಎರೆಯಲು ಹೊದೆಯಬೇಕಾದ ಶಲ್ಯ. ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ರಾಣಿ ಕಲರಿನ ಚಿಕ್ಕೆಗಳು ಮೂಡಿದವು.

ಅತ್ತೆ ಸೋಪು ಹಾಕಿದರು. ನಿಂಬೆಹಣ್ಣು ಉಜ್ಜಿದರು. ಮಾವ ಸೀಮೆಎಣ್ಣೆ ತಂದರು. ಒಂದು ಚಿಕ್ಕೆಯೂ ಅಲುಗಲಿಲ್ಲ. ನೋಡನೋಡುತ್ತಾ ನನಗೆ ಮೈ ಜುಮ್ಮೆಂದಿತು. ಇಷ್ಟು ದಿನ ಲ್ಯಾಬಿನಲ್ಲಿ ಸತಾಯಿಸಿದ್ದ ಕ್ರಿಯೆ ಇಲ್ಲಿ, ಮಾವನ ಹಿತ್ತಲಿನಲ್ಲಿ, ಪೂರ್ತಿ ಯಶಸ್ವಿಯಾಗಿತ್ತು! ಸಂತೋಷ ತಡೆಯಲಾಗಲಿಲ್ಲ.

“ನೋಡಿ ಮಾವ, ಹೋಗ್ತಾನೇ ಇಲ್ಲ! ಇದೇ ನನ್ನ ಥೀಸಿಸ್ಸು. ರೇಷ್ಮೆಗೆ ಬಿದ್ರೆ ಬಿಡೋದೇ ಇಲ್ಲ.”

ಹುರುಪಿನಲ್ಲಿ ಪಾಠವನ್ನೇ ಶುರುಮಾಡಿದೆ. ನನ್ನ ಬೆರಳು ತೋರಿಸಿದೆ, ಚರ್ಮ, ಪ್ರೋಟೀನು, ಬಣ್ಣ ಕೂತಿದೆ. ಮೀಸೆ ತೋರಿಸಿದೆ, ಕೂದಲು, ಪ್ರೋಟೀನು, ಕೂತಿದೆ. ಶಲ್ಯ, ರೇಷ್ಮೆ, ಕೂತಿದೆ. ಲುಂಗಿಯ ಮೇಲೂ ಬಣ್ಣ ಬಿದ್ದಿತ್ತಲ್ಲ, ಅದರ ತುದಿಯನ್ನು ನೀರಿನಲ್ಲಿ ಅದ್ದಿ ತೋರಿಸಿದೆ. ಬಣ್ಣ ಮಾಯ. ಹತ್ತಿಯಲ್ಲಿ ಪ್ರೋಟೀನಿಲ್ಲ, ಆದ್ದರಿಂದ ಹತ್ತಿಗೆ ಅಂಟುವುದಿಲ್ಲ, ‘ಆಯ್ದ ಮಾರ್ಪಾಡು’ ಎಂದರೆ ಇದೇ ಎಂದು ಮುಗಿಸಿದೆ. ಇಷ್ಟು ಸ್ಪಷ್ಟವಾದ ಪಾಠವನ್ನು ನಾನು ಕಾಲೇಜಿನಲ್ಲೂ ಮಾಡಿರಲಿಲ್ಲ.

ಗಿರಿಜೆ ಒದ್ದೆ ಸೆರಗನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಿದ್ದಳು.

“ರೀ, ಹಾಗಾದ್ರೆ ನನ್ನ ಸೀರೆ ಏನು?”

ಮಾವ ಒಳಗೆ ಹೋಗಿ ಬೆಂಕಿಪೊಟ್ಟಣ ತಂದರು.

“ಈಗ ಒಂದು ಎಳೆ ಸುಡಬಹುದಾ, ಅಳಿಯಂದ್ರೇ?”

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಸೆರಗಿನ ಅಂಚಿನಿಂದ ಎಳೆಯೊಂದನ್ನು ಕಿತ್ತು ಕಡ್ಡಿ ಗೀರಿದರು. ಕಾಗದ ಸುಟ್ಟ ವಾಸನೆ ಬಂತು. ಊರಲ್ಲಿ ಕಾಗದದ ಕಾರ್ಖಾನೆಯೂ ಇದೆಯಲ್ಲ, ಗಾಳಿ ಆ ಕಡೆಯಿಂದ ಬೀಸುತ್ತಿರಬಹುದು ಎಂದು ಸೂಚಿಸಿದೆ. ಯಾರೂ ಒಪ್ಪಲಿಲ್ಲ.

ಗಿರಿಜೆ ಅಳಲಿಲ್ಲ, ಬೈಯಲಿಲ್ಲ. ಸೀರೆಯನ್ನು ಹಿಂಡಿ ಹಗ್ಗದ ಮೇಲೆ ಹರವಿ, ಸುಕ್ಕು ಬಿಡಿಸಿದಳು. ಇಷ್ಟು ವರ್ಷ ಪಂಚೆಯಲ್ಲಿ ಸುತ್ತಿಟ್ಟವಳು ಆಗಲೂ ಅಷ್ಟೇ ಜೋಪಾನವಾಗಿ ಬಿಡಿಸುತ್ತಿದ್ದಳು. ಅದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಬೇರೆ ರೇಷ್ಮೆ ಸೀರೆ ಇವತ್ತೇ ತರೋಣ ಎಂದೆ.

“ಬೇಡ. ಇದನ್ನೇ ಉಡ್ತೀನಿ,” ಎಂದಳು. ಇನ್ನೊಂದು ಸುಕ್ಕು ಬಿಡಿಸುತ್ತಾ, “ಮುಂದೆ ಸೀರೆ ತಗೊಳ್ಳುವಾಗ ಮುಟ್ಟೋದಕ್ಕಂತೂ ನಿಮ್ಮನ್ನ ಕರ್ಕೊಂಡು ಹೋಗಲ್ಲ ಮಾರಾಯ್ರೇ,” ಎಂದು ಸೇರಿಸಿದಳು.

ಉಟ್ಟಳು. ಬಿಳಿಚು ಗೆರೆ ಒಳಮಡಿಕೆಗೆ ಹೋಗುವಂತೆ ಪಿನ್ನು ಹಾಕಿ, ಕಳಸ ಹಿಡಿದು ರಾಣಿಯಂತೆಯೇ ನಿಂತಳು. ಸೀರೆ ಚೆನ್ನಾಗಿದೆ ಎಂದು ಬಂದ ಹೆಂಗಸರಿಗೆಲ್ಲ ಒಂದೇ ಉತ್ತರ ಕೊಟ್ಟಳು. “ನಮ್ಮನೆಯವರು ಕೆಮಿಸ್ಟ್ರಿ ಲೆಕ್ಚರರು. ಪರೀಕ್ಷೆ ಮಾಡಿ ತಂದಿದ್ದು.” ಅವರು ಮೆಚ್ಚಿಕೊಂಡು ನನ್ನತ್ತ ತಿರುಗುತ್ತಿದ್ದರು, ತಿರುಗಿದವರು ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಮೀಸೆ ಬೋಳಿಸುವಂತೆಯೂ ಇರಲಿಲ್ಲ, ಅದರ ಕೆಳಗಿನ ಚರ್ಮವೂ ರಾಣಿ ಕಲರೇ. ಮಾವ ಚಿಕ್ಕೆ ಬಿದ್ದ ಶಲ್ಯವನ್ನೇ ಹೊದ್ದು ಧಾರೆ ಎರೆದರು.

ಡಾಕ್ಟರೇಟು ಆಮೇಲೆ ಬಂತು. ನನ್ನ ಕ್ರಿಯೆಯ ಬಗ್ಗೆ ಪರೀಕ್ಷಕರಿಗೆ ಅನುಮಾನವಿತ್ತಂತೆ, ನನಗಿರಲಿಲ್ಲ. ಆ ಮದುವೆಯ ಆಲ್ಬಮ್ಮಿನಲ್ಲಿ ಪುರಾವೆ ಇದೆ. ಆ ಮಂಟಪದಲ್ಲಿ ಅಪ್ಪಟ ಮಾಲು ಎಂದು ವೈಜ್ಞಾನಿಕವಾಗಿ ರುಜುವಾತಾಗಿದ್ದು ಎರಡೇ, ಮಾವನ ಶಲ್ಯ ಮತ್ತು ನನ್ನ ಮೀಸೆ.