ಕಿಟಕಿ ಪಕ್ಕದ ಕುರ್ಚಿಯ ಯಜಮಾನರು

ಮಕ್ಕಳಿಲ್ಲದವರು ಬರುವ ಆಸ್ಪತ್ರೆಯಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಜನ ಕೇಳುತ್ತಾರೆ. ಹೊಸೂರಿನ ಇಂಥದೊಂದು ಆಸ್ಪತ್ರೆಯ ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ನಗು ಬರುವುದೇನೋ ನಿಜ. ಆದರೆ ಕೆಲವು ಸಲ ನಕ್ಕ ಮೇಲೆ ಹಿಂದೆ ತಿರುಗಿ ನೋಡಬೇಕೆನಿಸುತ್ತದೆ.

೧. ಟವೆಲ್ ಹಾಸಿದ ಕುರ್ಚಿ

ಒಂದು ಮಂಜಿನ ಬೆಳಿಗ್ಗೆ ತಳಿ ಎಂಬ ಊರಿನ ಕಡೆಯ ಅಜ್ಜಿಯೊಬ್ಬರು ಮಗ, ಸೊಸೆಯನ್ನು ಕರೆದುಕೊಂಡು ಬಂದರು. ಎರಡು ಸಲ ಐಯುಐ ಚಿಕಿತ್ಸೆ ಮಾಡಿ ಫಲಿಸಿರಲಿಲ್ಲ. ಇದು ಮೂರನೆಯದು. ಇದೂ ಆಗದಿದ್ದರೆ ಇನ್ನು ಬರುವುದಿಲ್ಲ ಎಂದು ಸೊಸೆ ನನ್ನ ಹತ್ತಿರ ಹೇಳಿ ಕಣ್ಣೊರೆಸಿಕೊಂಡಿದ್ದಳು. ಅವಳನ್ನು ಕಂಡರೆ ನನಗೂ ಸಂಕಟವಾಗುತ್ತಿತ್ತು.

ಜಾಗವಿಲ್ಲದೆ ಜನ ನಿಂತಿದ್ದರು. ಅಜ್ಜಿ ಮಾತ್ರ ಕಿಟಕಿ ಪಕ್ಕದ ಕುರ್ಚಿಗೆ ಟವೆಲ್ ಹಾಸಿ ಯಾರನ್ನೂ ಕೂರಲು ಬಿಡಲಿಲ್ಲ.

"ಯಾರಿಗಜ್ಜಿ ಇದು?" ಎಂದೆ.

"ನಮ್ ಯಜಮಾನ್ರು ಕುಂತವ್ರಲ್ಲ, ಕಾಣಾಕಿಲ್ವಾ? ಹೋಗಿ ಮೂರು ವರ್ಸ ಆಯ್ತು. ಹುಟ್ಟಿ ಬತ್ತೀನಿ ಅಂದಿದ್ರು. ಎರಡು ಸಲ ಮನೇಲೇ ಬುಟ್ಟು ಬಂದ್ವಿ, ಅದ್ಕೇ ನಿಲ್ಲಲಿಲ್ಲ. ಈ ಸಲ ಬಸ್ನಲ್ಲಿ ಟಿಕೆಟ್ ತಗ್ಸಿ ಕರ್ಕಂಡ್ ಬಂದಿದೀನಿ."

ಗಪ್ಪನೆ ಬೀಡಿ ವಾಸನೆ ಬಂತು. ಸುತ್ತ ನೋಡಿದೆ. ಯಾರೂ ಸೇದುತ್ತಿರಲಿಲ್ಲ.

"ಸತ್ತಿದ್ದೇ ಅದ್ರಿಂದ ಕಣವ್ವ," ಎಂದರು ಅಜ್ಜಿ. "ಆದ್ರೂ ಬುಟ್ಟಿಲ್ಲ ನೋಡು."

೨. ಜೊಳ್ಳು

ವೀರ್ಯ ತೊಳೆಯುವುದು ನನ್ನ ಕೆಲಸ. ಟ್ಯೂಬಿಗೆ ದ್ರಾವಣ ಹಾಕಿಟ್ಟರೆ ಚುರುಕಾದ ವೀರ್ಯಾಣುಗಳು ತಾವೇ ಈಜಿ ಮೇಲೆ ಬರುತ್ತವೆ. ಆ ಮೇಲಿನ ಪದರವನ್ನಷ್ಟೇ ಎತ್ತಿಕೊಟ್ಟರೆ ಡಾಕ್ಟರು ತೆಳು ನಳಿಕೆಯಿಂದ ಗರ್ಭಕೋಶಕ್ಕೆ ಬಿಡುತ್ತಾರೆ. ಐಯುಐ ಅಂದರೆ ಇಷ್ಟೇ. ಅಜ್ಜಿಗೆ ಇದನ್ನು ಬಿಡಿಸಿ ಹೇಳಿದ್ದೇ ತಪ್ಪಾಯಿತು.

"ಮೇಲಕ್ಕೆ ಬರೋದು ಜೊಳ್ಳು ಕಣವ್ವ! ಬಿತ್ನೆ ಬೀಜ ನೀರಿಗಾಕಿದ್ರೆ ಗಟ್ಟಿ ಕಾಳು ತಳಕ್ಕೋಯ್ತದೆ. ಎರಡು ಸಲವೂ ನಮ್ ಸೊಸೆಗೆ ಜೊಳ್ಳು ಬಿತ್ತಿದ್ದೀಯಾ?"

ಇವು ತೇಲುವುದಲ್ಲ, ಈಜುವುದು ಎಂದರೆ ಕೇಳಬೇಕಲ್ಲ. ಖಾಲಿ ಕುರ್ಚಿಯತ್ತ ತಿರುಗಿ, "ನೀವೇನಂತೀರಿ?" ಎಂದರು. ಆಮೇಲೆ ತಲೆಯಾಡಿಸುತ್ತ ಏನನ್ನೋ ಕೇಳಿಸಿಕೊಂಡರು. ಗಾಳಿಯಿಲ್ಲ, ಫ್ಯಾನೂ ಹಾಕಿಲ್ಲ. ಟವೆಲಿನ ಅಂಚು ಮಾತ್ರ ಅಲುಗಿತು.

"ಅವ್ರಿಗೆ ಈಜು ಬತ್ತದಂತೆ," ಎಂದರು ಅಜ್ಜಿ. "ಮಾಡು ಹೋಗು."

೩. ಮಾವನ ಎದುರಿಗೆ

ತೊಳೆದದ್ದನ್ನು ಹೆಚ್ಚು ಹೊತ್ತು ಇಡುವಂತಿಲ್ಲ. ಸೊಸೆ ಮೇಜಿನ ಮೇಲೆ ಮಲಗಿದ್ದಳು. ಅಷ್ಟರಲ್ಲಿ, ನಾನೇ ಹಾಕಿದ್ದ ಬಾಗಿಲು ಕಿರ್ರನೆ ತೆರೆದುಕೊಂಡಿತು. ಹೊಸ್ತಿಲಲ್ಲಿ ಯಾರೂ ಇಲ್ಲ. ಬೀಡಿ ವಾಸನೆ ಒಳಗೆ ಬಂತು. ಸೊಸೆ ದಡಕ್ಕನೆ ಎದ್ದು, ಹೊದಿಕೆ ಸುತ್ತಿಕೊಂಡು ನಿಂತೇಬಿಟ್ಟಳು.

"ಮಾವನೋರು ಬಂದವ್ರೆ. ಅವ್ರ ಮುಂದೆ ಯಾವತ್ತೂ ಕುಂತೋಳೇ ಅಲ್ಲ ನಾನು, ಹೆಂಗ್ ಮಲಗ್ಲಿ?"

ನಮ್ಮ ತಮಿಳು ಡಾಕ್ಟರಮ್ಮ ದೇವರನ್ನೂ ನಂಬದವರು. ಗಡಿಯಾರ ನೋಡಿದರು, ಸೊಸೆಯ ಮುಖ ನೋಡಿದರು. ಆಮೇಲೆ ಖಾಲಿ ಹೊಸ್ತಿಲಿಗೆ ಕೈಮುಗಿದು, ಅಯ್ಯಾ, ಸ್ವಲ್ಪ ಆಚೆ ಇರಿ ಎಂದು ತಮಿಳಿನಲ್ಲಿ ಬೇಡಿಕೊಂಡರು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

"ಬದುಕಿದ್ದಾಗ ಯಾವ ಡಾಕ್ಟ್ರ ಮಾತೂ ಕೇಳ್ದೋರಲ್ಲ," ಎನ್ನುತ್ತ ಸೊಸೆ ಮಲಗಿದಳು.

೪. ಟಿಕೆಟ್ಟಿಲ್ಲದೆ ಬಂದವರು

ಆ ಸಲ ಗರ್ಭ ನಿಂತಿತು. ಮಗುವಿಗೆ ಐದು ತಿಂಗಳಾದಾಗ ತೋರಿಸಲು ಬಂದರು. ಹೆಣ್ಣುಮಗು. ಸೊಸೆಯ ಮುಖದ ನಗು ನೋಡಿ ನನ್ನ ಕಣ್ಣು ತುಂಬಿತು. ಮಗು ಮಾತ್ರ ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿತ್ತು.

"ಏನಜ್ಜಿ, ಯಜಮಾನ್ರು ಬರಲೇ ಇಲ್ಲವಲ್ಲ?" ಎಂದು ರೇಗಿಸಿದೆ.

"ಇವ್ಳು ನಮ್ಮತ್ತೆ ಕಣವ್ವ! ಅದೇ ದುರುಗುಟ್ಟೋ ಕಣ್ಣು. ಹೆಂಗಸ್ರಿಗೆ ಬಸ್ನಲ್ಲಿ ಟಿಕೆಟ್ ಇಲ್ವಲ್ಲ, ಹೇಳ್ದೆ ಕೇಳ್ದೆ ಹತ್ಬುಟ್ಟವ್ಳೆ. ಇನ್ನೊಂದು ಸಲ ಇವ್ಳ ಚಾಕ್ರಿ ನನ್ ಹಣೇಲಿ ಬರ್ದದೆ," ಎಂದು ಮಗುವಿನ ಕೆನ್ನೆಗೆ ಮುತ್ತಿಟ್ಟರು.

"ಹಾಗಾದರೆ ಯಜಮಾನ್ರು?"

"ಡಾಕ್ಟ್ರಮ್ಮ ಆಚೆ ಇರಿ ಅಂದ್ರಂತಲ್ಲ, ಆಮೇಲೆ ಒಳಕ್ಕೆ ಕರೀಲೇ ಇಲ್ಲ. ಪಾಪ, ಅಲ್ಲೇ ಕುಂತವ್ರೆ." ಅಜ್ಜಿ ಕಿಟಕಿ ಪಕ್ಕದ ಕುರ್ಚಿ ತೋರಿಸಿದರು. "ಇರ್ಲಿ ಬುಡು, ಎರಡ್ನೇದಕ್ಕೆ ಬತ್ತೀವಲ್ಲ."

ನಾನು ವಿಜ್ಞಾನ ಓದಿದವಳು, ಇದನ್ನೆಲ್ಲ ನಂಬುವುದಿಲ್ಲ. ಆದರೂ ದಿನಾ ಬೆಳಿಗ್ಗೆ ಬೀಗ ತೆಗೆದು ಒಳಗೆ ಕಾಲಿಟ್ಟೊಡನೆ ಕಿಟಕಿ ತೆರೆದು, ಆ ಕುರ್ಚಿಗೆ ಹೇಳುತ್ತೇನೆ: "ಯಜಮಾನ್ರೇ, ಪೇಷಂಟ್‌ಗಳು ಬರೋ ಹೊತ್ತಾಯ್ತು, ಬೀಡಿ ಆರಿಸಿ."