ಬಾಗದ ಕವಚ

ಬಾಗಿ ನಡೆದವನಿಗೆ ಒಳ್ಳೆಯದಾಗುತ್ತದೆ ಎಂದು ಯಾರು ಹೇಳಿದರೋ, ಅವರು ನನ್ನನ್ನು ನೋಡಿರಲಿಕ್ಕಿಲ್ಲ. ವಿಜಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ಚಿತ್ರಕಲೆಯ ಮಾಸ್ತರ. ಸೇರಿದಾಗಲೂ ಹಂಗಾಮಿ, ತಲೆ ನರೆತ ಮೇಲೂ ಹಂಗಾಮಿ. ಪ್ರತಿ ಜೂನಿನಲ್ಲಿ ಸಂಸ್ಥೆಯ ಚೇರಮನ್ನರ ಮನೆಕಟ್ಟೆಯ ಮೇಲೆ ಕೈಮುಗಿದು ಕೂಡುತ್ತೇನೆ. ಅವರು ಎಲೆಅಡಿಕೆ ಅಗಿಯುತ್ತ, "ಮುಂದಿನ ವರ್ಷ ನೋಡೋಣು" ಎನ್ನುತ್ತಾರೆ.

ಆ ವರ್ಷ ಅವರ ಕಣ್ಣಿಗೆ ಯಾವುದೋ ಮಾಸಿಕದಲ್ಲಿ ಸಾಮುರಾಯಿ ಎಂಬ ಜಪಾನಿ ಯೋಧನ ಚಿತ್ರ ಬಿತ್ತು. "ಮಾಸ್ತರ, ನನಗ ಇಂಥಾ ಕವಚ ಮಾಡಿಕೊಡ್ರಿ. ಸಾಲಿ ವಾರ್ಷಿಕ ಗ್ಯಾದರಿಂಗದಾಗ ಹಾಕ್ಕೊಂಡು ಫೋಟೋ ತಗಸ್ತೇನಿ. ನಿಮ್ಮ ಕಾಯಂ ಆರ್ಡರಿಗೂ ಅವತ್ತ ಸಹಿ" ಎಂದರು.

ಮಾಸಿಕ ಓದಿದೆ. ಆ ಕವಚ ಒಂದೇ ತಗಡಲ್ಲ. ತೊಗಲು, ಕಬ್ಬಿಣದ ಬೆರಳಗಲದ ಚೂರುಗಳಿಗೆ ಒಂದು ಮರದ ಅಂಟುರಸ ಬಳಿದು, ಒಣಗಿಸಿ, ರೇಷ್ಮೆ ಹುರಿಯಿಂದ ಸಾಲುಸಾಲಾಗಿ ಹೆಣೆಯುತ್ತಾರಂತೆ. ಮಳೆಗೆ ತುಕ್ಕು ಹಿಡಿಯದು, ತೊಟ್ಟವನು ಕೂತರೆ ತಾನೂ ಬಾಗುತ್ತದೆ. ಬಬಲೇಶ್ವರದ ಅಳಿಯನಿಂದ ಬಾವಿಯ ನೀರೆತ್ತುವ ಹಳೆಯ ತೊಗಲಿನ ಚೀಲ ತರಿಸಿದೆ. ಎಣ್ಣೆ ಡಬ್ಬಿ ಕತ್ತರಿಸಿದೆ. ಜಪಾನಿನ ಮರ ನಮ್ಮಲ್ಲೆಲ್ಲಿ? ಹೊಳೆದರಾಯಿತೆಂದು ಗಾಂಧಿ ಚೌಕದ ಬಳೆಗಾರನಿಂದ ಅರಗು ತಂದು, ಕಾಡಿಗೆ ಬೆರೆಸಿ, ಕಾಯಿಸಿ ಬಳಿದೆ. ಹೆಂಡತಿ ಗೌರವ್ವ ಅಡುಗೆ ಮುಗಿಸಿ ಹುರಿ ಹೊಸೆದಳು. "ಕಾಯಂ ಆತಂದ್ರ ಮನಿ ಮಾಲಕನ ಮುಂದ ತಲಿ ಎತ್ತಿ ಅಡ್ಡಾಡಬಹುದಲ್ರಿ" ಎಂದಳು. ನನ್ನ ಎದೆ ತುಂಬಿ ಬಂತು.

ಹೋಳಿ ಮುಗಿದ ಮೇಲೆ ಗ್ಯಾದರಿಂಗ್. ಫೋಟೋದವನು ತಡವಾಗಿ ಬಂದ. ಅಲ್ಲಿಯವರೆಗೆ ಚೇರಮನ್ನರು ಕವಚ ತೊಟ್ಟು, ಮೀಸೆ ತಿರುವುತ್ತ, ಮೈದಾನದ ಬಿಸಿಲಲ್ಲಿ ನಿಂತಿದ್ದರು. ಅರಗು ಕರಗಿತು. ಚೂರಿಗೆ ಚೂರು, ಹುರಿಗೆ ಹುರಿ ಅಂಟಿತು. ಫೋಟೋ ಮುಗಿಸಿ ಅವರು ನೆರಳಿಗೆ ಬಂದರು, ಅರಗು ಗಟ್ಟಿಯಾಯಿತು.

ಕುರ್ಚಿ ಕೊಟ್ಟರೆ ಅವರಿಗೆ ಕೂಡಲಾಗಲಿಲ್ಲ. ಭಾಷಣಗಳನ್ನೆಲ್ಲ ನಿಂತೇ ಕೇಳಿದರು. ನನ್ನ ಆರ್ಡರು ಮೇಜಿನ ಮೇಲಿತ್ತು, ಅವರ ಕೈಯಲ್ಲಿ ಪೆನ್ನಿತ್ತು. ತೋಳು ಮಾತ್ರ ಮೇಜಿನವರೆಗೆ ಬರಲಿಲ್ಲ. ಕೊನೆಗೆ ಚಮ್ಮಾರನನ್ನು ಕರೆಸಿ ಬೆನ್ನ ಕಡೆಯಿಂದ ಸೀಳಿಸಬೇಕಾಯಿತು. ಹೊರಬಂದವರು ಮೊದಲು ಆರ್ಡರು ಹರಿದರು.

ಮನೆಗೆ ಬಂದು, "ಕವಚ ಬಾಗಲಿಲ್ಲ, ಅದರಿಂದ ಕೆಟ್ಟೆ" ಎಂದು ಗೋಳಾಡಿದೆ. ಗೌರವ್ವ ಕಸಬರಿಗೆ ಕೆಳಗಿಡದೆ ಹೇಳಿದಳು: "ಅದೊಂದಾದ್ರೂ ಬಾಗಲಿಲ್ಲ ಬಿಡ್ರಿ. ಈ ಮನ್ಯಾಗ ಬಾಗಲಾರದ್ದು ಅಂತ ಏನರ ಒಂದು ಇರ್ಲಿ."

ಆ ಮಾತು ನನಗೆ ನಾಟಿತು. ಇನ್ನು ಆ ಕಟ್ಟೆ ಹತ್ತಬಾರದೆಂದು ನಿಶ್ಚಯಿಸಿದೆ. ಜೂನ್ ಬಂತು, ಹತ್ತಿದೆ. ಚೇರಮನ್ನರು ಅಡಿಕೆ ಅಗಿಯುತ್ತ, "ಫೋಟೋ ಭಾಳ ಚಲೋ ಬಂದೈತಿ ಮಾಸ್ತರ. ಇನ್ನೊಂದು ಮಾಡ್ರಿ. ಈ ಸಲ ನೆರಳಾಗ ನಿಲ್ತೇನಿ" ಎಂದರು. ಈಗ ನಮ್ಮ ಬಚ್ಚಲಲ್ಲಿ ತೊಗಲು ನೆನೆಯುತ್ತಿದೆ. ಗೌರವ್ವ ಈ ಸಲ ಹುರಿ ಹೊಸೆಯುವುದಿಲ್ಲವಂತೆ, ನಾನೇ ಹೊಸೆಯುತ್ತಿದ್ದೇನೆ.